ಚೀನೀ ವರ್ತಕರ ವಿನಯ: ಮಾತನ್ನು ಹೇಗೆ ಅರ್ಥೈಸಬೇಕು?

ಶಿವಾಜಿನಗರದ ಕಮರ್ಷಿಯಲ್ ಸ್ಟ್ರೀಟಿನ ಆಸುಪಾಸಿನ ಗಲ್ಲಿಗಳಲ್ಲಿ ಮಾರಾಟವಾಗುವ ಗುಂಡಿ, ಜಿಪ್, ಲೇಸುಗಳಿಂದ ಹಿಡಿದು ಕೃಷ್ಣರಾಜಪುರ, ಮಹದೇವಪುರಗಳ ಸಣ್ಣ ಕಾರ್ಖಾನೆಗಳಲ್ಲಿ ಓಡುವ ಯಂತ್ರಗಳವರೆಗೆ, ಚೀನಾದ ಸರಕು ಯಾವುದಾದರೊಂದು ಹಂತದಲ್ಲಿ ಸೇರದ ವ್ಯಾಪಾರವನ್ನು ಬೆಂಗಳೂರಿನ ಪೂರ್ವ ಭಾಗದಲ್ಲಿ ಹುಡುಕುವುದು ಕಷ್ಟ. ಚೆನ್ನೈ ಬಂದರಿನಲ್ಲಿ ಇಳಿದ ಕಂಟೇನರುಗಳು ರೈಲಿನ ಮೂಲಕ ವೈಟ್‌ಫೀಲ್ಡ್‌ನ ಒಳನಾಡು ಕಂಟೇನರ್ ಡಿಪೋ ತಲುಪಿ ಅಲ್ಲಿಂದ ನಗರದೊಳಗೆ ಹಂಚಿಹೋಗುತ್ತವೆ. 2024-25ನೇ ಸಾಲಿನಲ್ಲಿ ಭಾರತವು ಚೀನಾದಿಂದ ಸುಮಾರು 113 ಶತಕೋಟಿ ಡಾಲರ್ ಮೌಲ್ಯದ ಸರಕನ್ನು ಆಮದು ಮಾಡಿಕೊಂಡಿತು. ಅದೇ ವರ್ಷ ಆ ದೇಶಕ್ಕೆ ಮಾಡಿದ ರಫ್ತು ಸುಮಾರು 14 ಶತಕೋಟಿ ಡಾಲರ್ ಮಾತ್ರ. 2020ರಲ್ಲಿ ನಿಂತುಹೋಗಿದ್ದ ನೇರ ವಿಮಾನ ಸಂಚಾರವು 2025ರ ಅಕ್ಟೋಬರಿನಲ್ಲಿ ಮತ್ತೆ ಆರಂಭವಾಗಿದ್ದು, ಕಾಗದಪತ್ರ ಮತ್ತು ಮಧ್ಯವರ್ತಿಗಳ ಮೂಲಕವೇ ನಡೆಯುತ್ತಿದ್ದ ವ್ಯವಹಾರವು ಪುನಃ ಮುಖಾಮುಖಿ ಮಾತಿಗೆ ಬರುತ್ತಿದೆ.

ದರ, ಸುಂಕ, ಸಾಗಾಣಿಕೆ ವೆಚ್ಚಗಳ ವಿಷಯದಲ್ಲಿ ನಮ್ಮ ವರ್ತಕರಿಗೆ ಹೊಸದಾಗಿ ಹೇಳಬೇಕಾದದ್ದು ಕಡಿಮೆ. ಎದುರು ಕುಳಿತು ಮಾತನಾಡುವಾಗ, ಅದರಲ್ಲಿಯೂ ಹೊಗಳಿಕೆಯ ಮಾತು ಬಂದಾಗ, ಚೀನೀಯರು ಕೊಡುವ ಉತ್ತರವನ್ನು ಅರ್ಥೈಸಿಕೊಳ್ಳುವಲ್ಲಿ ಆಗುವ ತಪ್ಪುಗಳು ಮಾತ್ರ ಯಾವ ವೆಚ್ಚದ ಪಟ್ಟಿಯಲ್ಲಿಯೂ ಕಾಣಿಸುವುದಿಲ್ಲ. ನಷ್ಟ ಮಾತ್ರ ನಿಜವಾದದ್ದು.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಪ್ಲಾಸ್ಟಿಕ್ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಉದ್ಯಮಿಯೊಬ್ಬರು ಇಂಜೆಕ್ಷನ್ ಮೌಲ್ಡಿಂಗ್ ಯಂತ್ರಗಳಿಗೆ ಹೆಸರಾದ ನಿಂಗ್‌ಬೋ ನಗರಕ್ಕೆ ಹೋಗಿದ್ದಾರೆ. ಕಾರ್ಖಾನೆಯನ್ನು ಸುತ್ತಾಡಿ ನೋಡಿ, "ನಿಮ್ಮ ಯಂತ್ರಗಳು ಬಹಳ ಚೆನ್ನಾಗಿವೆ" ಎಂದು ಮನಸಾರೆ ಹೇಳುತ್ತಾರೆ. ಮಾಲೀಕ ಕೈಯಾಡಿಸಿ ನಗುತ್ತಾ ಏನೋ ಹೇಳುತ್ತಾನೆ. ದುಭಾಷಿಯು ಅದನ್ನು ಇಂಗ್ಲಿಷಿಗೆ ತಿರುಗಿಸಿ, "ಇಲ್ಲ, ಇಲ್ಲ, ನಾವು ಇನ್ನೂ ಬಹಳ ಹಿಂದಿದ್ದೇವೆ ಎನ್ನುತ್ತಿದ್ದಾರೆ" ಎಂದು ತಿಳಿಸುತ್ತಾನೆ. ಉದ್ಯಮಿಯ ಮನಸ್ಸಿನಲ್ಲಿ ಎರಡು ಯೋಚನೆಗಳು ಹುಟ್ಟಬಹುದು. ಯಂತ್ರದಲ್ಲಿ ಏನೋ ದೋಷವಿದೆ ಎಂಬುದು ಒಂದು. ಹಿಂದಿದ್ದೇವೆಂದು ಇವರೇ ಒಪ್ಪಿಕೊಂಡ ಮೇಲೆ ದರ ಇಳಿಸಲು ಇದೇ ಸಮಯ ಎಂಬುದು ಇನ್ನೊಂದು. ಎರಡೂ ತಪ್ಪು.

ಆ ಮಾಲೀಕ ಆಡಿರಬಹುದಾದ ಮಾತು "ಹೈ ಛಾ ದ ಯುವಾನ್". ಪದಶಃ ಅರ್ಥ, "ಇನ್ನೂ ಬಹಳ ದೂರವಿದೆ" ಎಂದು. ಹೊಗಳಿಕೆ ಬಂದಾಗ ಆಡಬೇಕೆಂದು ಚಿಕ್ಕಂದಿನಿಂದ ಕಲಿತ ಮರ್ಯಾದೆಯ ಮಾತುಗಳಲ್ಲಿ ಅದೂ ಒಂದು. ಇನ್ನು ಕೆಲವು ಹೀಗಿವೆ: "ಗ್ವೋ ಜ್ಯಾಂಗ್", ಅಂದರೆ ಅಳತೆ ಮೀರಿ ಹೊಗಳಿದಿರಿ, "ಬು ಗಾನ್ ದಾಂಗ್", ಅಂದರೆ ಈ ಹೊಗಳಿಕೆಯನ್ನು ಸ್ವೀಕರಿಸುವ ಧೈರ್ಯ ನನಗಿಲ್ಲ, ಎಲ್ಲಕ್ಕಿಂತ ಪ್ರಸಿದ್ಧವಾದದ್ದು "ನಾಲಿ, ನಾಲಿ". ಇದರ ಶಬ್ದಾರ್ಥ "ಎಲ್ಲಿ, ಎಲ್ಲಿ?" ಎಂದಷ್ಟೆ.

ಕನ್ನಡಿಗರಿಗೆ ಈ ಕೊನೆಯ ಮಾತಿನ ಮರ್ಮ ಬಿಡಿಸಿ ಹೇಳಬೇಕಾಗಿಲ್ಲ. "ದೊಡ್ಡ ವ್ಯಾಪಾರ ಮಾಡಿದಿರಿ" ಎಂದರೆ "ಅದೆಲ್ಲಿಯ ದೊಡ್ಡ ವ್ಯಾಪಾರ ಬಿಡಿ ಸ್ವಾಮಿ" ಎನ್ನುವವರು ನಾವು. ಎಲ್ಲಿ ಎಂಬ ಪ್ರಶ್ನೆಯನ್ನು ನಿರಾಕರಣೆಗೆ ಬಳಸುವ ಈ ಜಾಣ್ಮೆ ಎರಡು ಭಾಷೆಗಳಲ್ಲಿಯೂ ಇದೆ. ಇಂಗ್ಲಿಷಿನ ಮೂಲಕ ಹಾದುಬರುವಾಗಲೇ ಅದು ಕಳೆದುಹೋಗುತ್ತದೆ. ಇಬ್ಬರು ವಿನಯವಂತರ ನಡುವೆ ನಿಂತ ಇಂಗ್ಲಿಷು ಇಬ್ಬರ ಮಾತನ್ನೂ ಸಾಕ್ಷಿ ಹೇಳಿಕೆಯಂತೆ ದಾಖಲಿಸಿಬಿಡುತ್ತದೆ.

ವಿನಯದ ಬೇರುಗಳು

ಹೊಗಳಿಕೆಯನ್ನು ನಿರಾಕರಿಸುವುದು ಚೀನೀ ಸಂಸ್ಕೃತಿಯಲ್ಲಿ ಆಕಸ್ಮಿಕ ಅಭ್ಯಾಸವಲ್ಲ. ಅವರ ಪ್ರಾಚೀನ ಗ್ರಂಥವಾದ "ಯೀ ಜಿಂಗ್"ನಲ್ಲಿರುವ 64 ಸಂಕೇತಗಳ ಪೈಕಿ 15ನೆಯದು ವಿನಯಕ್ಕೇ ಮೀಸಲಾಗಿದೆ. ಕನ್‌ಫ್ಯೂಷಿಯಸನ ಪರಂಪರೆಯಲ್ಲಿ ತನ್ನನ್ನು ಇಳಿಸಿ ಎದುರಿನವನನ್ನು ಏರಿಸುವುದು ಸಜ್ಜನಿಕೆಯ ಲಕ್ಷಣ. ಚೀನೀ ಭಾಷಾವಿದ್ವಾಂಸ ಗು ಯುವೆಗ್ವೊ 1990ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಚೀನೀ ಶಿಷ್ಟಾಚಾರದ ಮುಖ್ಯ ಸೂತ್ರಗಳಲ್ಲಿ ಒಂದೆಂದು ಇದನ್ನೇ ಹೆಸರಿಸಿದ್ದಾರೆ.

ಇದು ಮಾತಿನಲ್ಲಿ ಮಾತ್ರವಲ್ಲ, ಪತ್ರವ್ಯವಹಾರದಲ್ಲಿಯೂ ಉಂಟು. ವ್ಯಾಪಾರ ಪತ್ರಗಳಲ್ಲಿ ಎದುರಿನವರ ಸಂಸ್ಥೆಯನ್ನು "ಗ್ವೇ ಗುಂಗ್‌ಸು" ಎನ್ನುತ್ತಾರೆ; ಶಬ್ದಾರ್ಥದಲ್ಲಿ ಅಮೂಲ್ಯವಾದ ಸಂಸ್ಥೆ. ಹಳೆಯ ಶೈಲಿಯಲ್ಲಿ ಬರೆಯುವವರು ತಮ್ಮದನ್ನು "ಬೀ ಗುಂಗ್‌ಸು" ಎನ್ನುತ್ತಾರೆ. ಶಬ್ದಾರ್ಥದಲ್ಲಿ ಹರಕು ಮುರುಕು ಸಂಸ್ಥೆ. ಹೆಸರು ಕೇಳುವಾಗಲೂ "ನಿಮ್ಮ ಅಮೂಲ್ಯ ಕುಲನಾಮವೇನು?" ಎಂದು ಕೇಳಿದರೆ, "ಅಮೂಲ್ಯ ಎಂಬುದನ್ನು ಬಿಡಿ, ನನ್ನದು ವಾಂಗ್" ಎಂದು ಉತ್ತರ. ಹತ್ತು ಹನ್ನೆರಡು ಭಕ್ಷ್ಯಗಳನ್ನು ಮೇಜಿನ ಮೇಲೆ ಇಟ್ಟುಕೊಂಡು "ಊಟಕ್ಕೆ ಏನೂ ಇಲ್ಲ, ದಯವಿಟ್ಟು ಬೇಸರಿಸಬೇಡಿ" ಎಂದು ಆತಿಥೇಯ ಹೇಳುತ್ತಾನೆ. ನಮ್ಮಲ್ಲಿ ತಮ್ಮ ಹೊಸ ಮೂರಂತಸ್ತಿನ ಮನೆಯನ್ನು "ಬಡವರ ಮನೆಗೊಮ್ಮೆ ಬಂದುಹೋಗಿ" ಎಂದು ಪರಿಚಯಿಸುವವರಿಲ್ಲವೇ? ಆ ಮಾತನ್ನು ನಂಬಿ ಅಕ್ಕಿ ಬೇಳೆ ಹೊತ್ತುಕೊಂಡು ಹೋದವರಿಲ್ಲ.

ಲೆಕ್ಕಪತ್ರ ಬಲ್ಲವರಿಗೆ ಇನ್ನೊಂದು ಹೋಲಿಕೆ ಸುಲಭವಾಗಿ ಹೊಳೆಯುತ್ತದೆ. ದಾಸ್ತಾನನ್ನು ಖರೀದಿ ವೆಚ್ಚ ಅಥವಾ ಮಾರಿದರೆ ಕೈಗೆ ಬರುವ ನಿವ್ವಳ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರಲ್ಲಿ ತೋರಿಸಬೇಕೆಂಬುದು ಲೆಕ್ಕಪತ್ರ ಮಾನಕದ ನಿಯಮ. ಬರಬಹುದಾದ ಲಾಭವನ್ನು ಮುಂದಾಗಿ ಬರೆಯುವಂತಿಲ್ಲ. ಆಗಬಹುದಾದ ನಷ್ಟಕ್ಕೆ ಅವಕಾಶ ಇಟ್ಟಿರಬೇಕು. ಆಸ್ತಿ-ಹೊಣೆ ಪಟ್ಟಿಯಲ್ಲಿ ಕಡಿಮೆ ಮೌಲ್ಯ ಕಂಡ ಮಾತ್ರಕ್ಕೆ ಗೋದಾಮಿನಲ್ಲಿರುವ ಮಾಲು ಕೆಟ್ಟಿದೆಯೆಂದು ಯಾರೂ ತೀರ್ಮಾನಿಸುವುದಿಲ್ಲ. ಅದು ಬರೆಯುವ ಪದ್ಧತಿಯೆಂದು ಎಲ್ಲರಿಗೂ ಗೊತ್ತು. "ನಾಲಿ, ನಾಲಿ" ಕೂಡ ಅಂಥದೇ ಒಂದು ಪದ್ಧತಿ. ಪದ್ಧತಿ ತಿಳಿದವನು ಅಂಕಿಯನ್ನು ಸರಿಯಾಗಿ ಓದುತ್ತಾನೆ.

ನಮ್ಮ ವಿನಯಕ್ಕೂ ಅವರ ವಿನಯಕ್ಕೂ ವ್ಯತ್ಯಾಸ

ಹೋಲಿಕೆ ಇರುವಂತೆ ವ್ಯತ್ಯಾಸವೂ ಇದೆ, ಮತ್ತು ವ್ಯವಹಾರದಲ್ಲಿ ಅದು ಮುಖ್ಯವಾದದ್ದು. ಹೊಗಳಿಕೆ ಬಂದಾಗ ನಮ್ಮವರು ಸಾಮಾನ್ಯವಾಗಿ ಅದನ್ನು ಮೇಲಕ್ಕೆ ದಾಟಿಸುತ್ತಾರೆ: "ಎಲ್ಲಾ ದೇವರ ದಯೆ", "ಹಿರಿಯರ ಪುಣ್ಯ", "ತಮ್ಮಂಥವರ ಆಶೀರ್ವಾದ". ದಂಡು ಪ್ರದೇಶದಲ್ಲಿ ಇದಕ್ಕೆ ಭಾಷೆಯ ಭೇದವಿಲ್ಲ. ರಸೆಲ್ ಮಾರುಕಟ್ಟೆಯ ಉರ್ದು ಮಾತಿನ ಹಣ್ಣಿನ ವ್ಯಾಪಾರಿ "ಆಪ್ ಕೀ ದುಆ ಹೈ" ಎನ್ನುತ್ತಾನೆ. ಹಲಸೂರಿನ ತಮಿಳು ಮಾತಿನ ಅಂಗಡಿಯವರು "ಎಲ್ಲಾಂ ಉಂಗ ಆಶೀರ್ವಾದಂ" ಎನ್ನುತ್ತಾರೆ. ಮಾರವಾಡಿ ಬಟ್ಟೆ ವ್ಯಾಪಾರಿ "ಆಪ್ ಕೀ ಕೃಪಾ" ಎಂದು ಕೈಮುಗಿಯುತ್ತಾನೆ. ಇದರೊಂದಿಗೆ ದೃಷ್ಟಿ ತಗುಲುವ ಭಯವೂ ಬೆರೆತಿದೆ. ಹೊಸ ಯಂತ್ರಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವ ಕೈಯೇ "ಏನೋ ನಡೆಯುತ್ತಿದೆ" ಎಂದು ಮಾತನ್ನೂ ತಗ್ಗಿಸುತ್ತದೆ. (ಬ್ಯಾಂಕಿಗೆ ಸಲ್ಲಿಸುವ ಸಾಲದ ಅಂದಾಜು ಪಟ್ಟಿಯಲ್ಲಿ ಎಳ್ಳಷ್ಟೂ ಕಾಣದ ಈ ವಿನಯ, ಆದಾಯ ತೆರಿಗೆಯ ವಿವರಪಟ್ಟಿಯಲ್ಲಿ ಧಾರಾಳವಾಗಿ ಕಾಣಿಸಿಕೊಳ್ಳುವುದು ಬೇರೆಯ ವಿಷಯ.)

ಚೀನೀಯರ ವಿನಯದಲ್ಲಿ ದೇವರ ಪ್ರಸ್ತಾಪ ಸಾಮಾನ್ಯವಾಗಿ ಇರುವುದಿಲ್ಲ. ಹೊಗಳಿಕೆಯನ್ನು ಅವರು ಹೊಗಳಿದವನಿಗೇ ಹಿಂದಿರುಗಿಸುತ್ತಾರೆ, ಇಲ್ಲವೇ ತಮ್ಮ ಮೇಲಧಿಕಾರಿಗೆ, ಜೊತೆಯ ಕೆಲಸಗಾರರಿಗೆ ಸಲ್ಲಿಸುತ್ತಾರೆ. ಅಲ್ಲಿ ಪಣಕ್ಕಿರುವುದು "ಮ್ಯೆನ್‌ಜು", ಎಂದರೆ ಮುಖ. ನಾವು ಮರ್ಯಾದೆ ಎನ್ನುವುದಕ್ಕೆ ಹತ್ತಿರದ ಪದ. ತಾನಾಗಿಯೇ ತನ್ನನ್ನು ತಗ್ಗಿಸಿಕೊಂಡವನು, ಎದುರಿನವನು ತನ್ನನ್ನು ಮೇಲೆತ್ತುತ್ತಾನೆಂದು ನಿರೀಕ್ಷಿಸುತ್ತಾನೆ. "ಹೌದು, ನೀವೇ ಹೇಳಿದಿರಲ್ಲ, ನಿಮ್ಮ ಯಂತ್ರ ಹಿಂದುಳಿದದ್ದು, ಶೇಕಡಾ 10 ಇಳಿಸಿ" ಎಂದರೆ, ಮರ್ಯಾದೆಗಾಗಿ ಬಗ್ಗಿದವನ ಬೆನ್ನ ಮೇಲೆ ಹತ್ತಿದಂತಾಗುತ್ತದೆ. ಆತ ಎದುರಿನಲ್ಲಿ ಜಗಳವಾಡುವುದಿಲ್ಲ. ನಕ್ಕು, ದರವನ್ನು ಇಳಿಸಿಯೂ ಇಳಿಸಬಹುದು. ಇಳಿದ ದರವು ಆಮೇಲೆ ತಗಡಿನ ದಪ್ಪದಲ್ಲಿಯೋ, ತಾಮ್ರದ ತಂತಿಯ ತೂಕದಲ್ಲಿಯೋ, ಬಿಡಿಭಾಗಗಳು ತಡವಾಗಿ ಬರುವುದರಲ್ಲಿಯೋ ವಸೂಲಾಗುತ್ತದೆ. ಚೀನಾದಿಂದ ತರಿಸಿದ ಮಾಲು ಮೊದಲ ಕಂಟೇನರಿನಲ್ಲಿ ಇದ್ದಂತೆ ಮೂರನೆಯದರಲ್ಲಿ ಇರಲಿಲ್ಲವೆಂಬ ದೂರು ಸಾಮಾನ್ಯ. ಅದಕ್ಕೆ ಕಾರಣ ಸರಬರಾಜುದಾರನ ದುರಾಸೆಯೊಂದೇ ಅಲ್ಲ. ಚೌಕಾಶಿ ನಡೆದ ರೀತಿಯೂ ಕೆಲವೊಮ್ಮೆ ಇರುತ್ತದೆ.

ಹಾಗಾದರೆ ನಿಜವಾದ ತೊಂದರೆಯನ್ನು ಗುರುತಿಸುವುದು ಹೇಗೆ? ವಿನಯದ ನಿರಾಕರಣೆ ತಕ್ಷಣ ಬರುತ್ತದೆ, ನಗುವಿನೊಂದಿಗೆ ಬರುತ್ತದೆ, ಅದರಲ್ಲಿ ವಿವರಗಳಿರುವುದಿಲ್ಲ. ನಿಜವಾದ ಕೊರತೆಯನ್ನು ಹೇಳುವ ಮಾತು ಇದಕ್ಕೆ ವಿರುದ್ಧ. ಅದು ಮೆಲುದನಿಯಲ್ಲಿ, ತಡವಾಗಿ, ಬಹುಶಃ ಊಟದ ಮೇಜಿನಲ್ಲಿ ಅಥವಾ ಮಧ್ಯವರ್ತಿಯ ಮೂಲಕ ಬರುತ್ತದೆ. "ಸ್ವಲ್ಪ ಕಷ್ಟವಾಗಬಹುದು", "ಅಷ್ಟು ಅನುಕೂಲವಿಲ್ಲ", "ಯೆನ್‌ಜ್ಯು ಯೆನ್‌ಜ್ಯು" ಅಂದರೆ ಪರಿಶೀಲಿಸಿ ನೋಡೋಣ, ಈ ಮಾತುಗಳನ್ನು ಬಹುಪಾಲು "ಆಗುವುದಿಲ್ಲ" ಎಂದೇ ಓದಬೇಕು. ನಮ್ಮ ವರ್ತಕರು ಮಾಡುವುದು ಹೆಚ್ಚಾಗಿ ತಲೆಕೆಳಗು: "ನಾವು ಬಹಳ ಹಿಂದಿದ್ದೇವೆ" ಎಂಬ ಉಪಚಾರದ ಮಾತನ್ನು ಗಂಭೀರವಾಗಿ ಪರಿಗಣಿಸುತ್ತಾರೆ, "ಮಾರ್ಚ್ ಒಳಗೆ ಕಳುಹಿಸುವುದು ಸ್ವಲ್ಪ ಕಷ್ಟ" ಎಂಬ ಗಂಭೀರ ಮಾತನ್ನು ಉಪಚಾರವೆಂದು ತಳ್ಳಿಹಾಕುತ್ತಾರೆ.

ಕಾಲ ಬದಲಾಗಿದೆ

ಚೀನೀಯರೆಲ್ಲರೂ ಎಂದೆಂದಿಗೂ ಹೊಗಳಿಕೆಯನ್ನು ನಿರಾಕರಿಸುತ್ತಾರೆಂದು ಭಾವಿಸುವುದೂ ಅಪಾಯಕಾರಿ. ಈ ವಿಷಯದ ಮೇಲೆ ನಡೆದಿರುವ ಎರಡು ಅಧ್ಯಯನಗಳು ಗಮನಾರ್ಹ. ರಾಂಗ್ ಚೆನ್ ಎಂಬ ವಿದ್ವಾಂಸರು ಷಿಯಾನ್ ನಗರದ ವಿದ್ಯಾರ್ಥಿಗಳ ಉತ್ತರಗಳನ್ನು ಪರಿಶೀಲಿಸಿ 1993ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಹೊಗಳಿಕೆಗೆ ಬಂದ ಉತ್ತರಗಳ ಪೈಕಿ ಶೇಕಡಾ 95ಕ್ಕಿಂತ ಹೆಚ್ಚು ನಿರಾಕರಣೆಗಳೇ ಆಗಿದ್ದವು. ಅವರೇ ಡಾಫು ಯಾಂಗ್ ಅವರೊಂದಿಗೆ ಅದೇ ನಗರದಲ್ಲಿ ಅದೇ ವಿಧಾನದ ಅಧ್ಯಯನವನ್ನು ಮತ್ತೊಮ್ಮೆ ನಡೆಸಿ 2010ರಲ್ಲಿ ಪ್ರಕಟಿಸಿದಾಗ, ಹೊಗಳಿಕೆಯನ್ನು ಒಪ್ಪಿಕೊಂಡ ಉತ್ತರಗಳೇ ಶೇಕಡಾ 62ಕ್ಕೆ ಏರಿದ್ದವು. ನೇರ ನಿರಾಕರಣೆ ಶೇಕಡಾ 9ರಷ್ಟಕ್ಕೆ ಇಳಿದಿತ್ತು. ಉಳಿದವು ಮಾತನ್ನು ಬೇರೆಡೆಗೆ ತಿರುಗಿಸುವ ಉತ್ತರಗಳು. 17 ವರ್ಷಗಳ ಅಂತರದಲ್ಲಿ ಇಷ್ಟು ದೊಡ್ಡ ಬದಲಾವಣೆಗೆ ಹೊರದೇಶಗಳೊಂದಿಗಿನ ಸಂಪರ್ಕವೇ ಮುಖ್ಯ ಕಾರಣವೆಂಬುದು ಅವರ ಅಭಿಪ್ರಾಯ.

ಯಾವುದೇ ಲೆಕ್ಕಪರಿಶೋಧಕನು ಇಲ್ಲಿ ಒಂದು ಎಚ್ಚರಿಕೆಯನ್ನು ಸೇರಿಸುತ್ತಾನೆ. ಇದು ಒಂದು ನಗರದ ವಿದ್ಯಾರ್ಥಿಗಳು ಕಾಗದದ ಮೇಲೆ ಬರೆದುಕೊಟ್ಟ ಉತ್ತರಗಳ ಮಾದರಿ. ಅರುವತ್ತು ವರ್ಷದ ಕಾರ್ಖಾನೆ ಮಾಲೀಕನನ್ನು ಈ ಮಾದರಿಯಿಂದ ಅಳೆಯಲಾಗದು. ಮೇಳದ ಮಳಿಗೆಯಲ್ಲಿ ನಿಂತ ಇಪ್ಪತ್ತೈದರ ಮಾರಾಟ ಪ್ರತಿನಿಧಿಯು "ಷಿಯೆ ಷಿಯೆ", ಅಂದರೆ ಧನ್ಯವಾದ, ಎಂದು ಹೊಗಳಿಕೆಯನ್ನು ನೇರವಾಗಿ ಸ್ವೀಕರಿಸಬಹುದು. ಅದನ್ನು ಅಹಂಕಾರವೆಂದು ಎಣಿಸಬಾರದು. ಒಳಗೆ ಕುಳಿತ ಅವಳ ಮಾಲೀಕ ಅದೇ ಹೊಗಳಿಕೆಗೆ ಮೂರು ಸಲ ಕೈಯಾಡಿಸಬಹುದು. ಬ್ರಿಗೇಡ್ ರಸ್ತೆ, ಕಮರ್ಷಿಯಲ್ ಸ್ಟ್ರೀಟ್ ಕಡೆಯವರಿಗೆ ಬಹುಕಾಲದಿಂದ ಪರಿಚಿತರಾದ, ಉಪಾಹಾರಗೃಹ, ಸೌಂದರ್ಯ ಮಳಿಗೆಗಳನ್ನು ನಡೆಸಿಕೊಂಡು ಬಂದ ಚೀನೀ ಮೂಲದ ಕುಟುಂಬಗಳನ್ನು ಕಂಡು ಶೆನ್‌ಜೆನ್ನಿನ ವರ್ತಕನನ್ನು ಅಂದಾಜು ಮಾಡುವುದೂ ಸಲ್ಲದು. ಅವರು ಇಲ್ಲಿಯೇ ಹುಟ್ಟಿ ಬೆಳೆದವರು, ನಮ್ಮ ರೀತಿಯವರು.

ಅತಿಥಿಗಳಾಗಿ ಬಂದಾಗ

ಇದುವರೆಗೆ ಹೇಳಿದ್ದು ನಾವು ಹೋದಾಗಿನ ಮಾತು. ಅವರು ಬಂದಾಗ ಹೊಗಳುವ ಸರದಿ ಅವರದು, ಉತ್ತರಿಸುವ ಸರದಿ ನಮ್ಮದು. 2002ರ ಜನವರಿಯಲ್ಲಿ ಬೆಂಗಳೂರಿಗೆ ಬಂದಿದ್ದ ಚೀನೀ ಪ್ರಧಾನಿ ಜು ರಾಂಗ್‌ಜಿ, ಸಾಫ್ಟ್‌ವೇರಿನಲ್ಲಿ ನೀವು ಮೊದಲು, ಹಾರ್ಡ್‌ವೇರಿನಲ್ಲಿ ನಾವು ಮೊದಲು, ಸೇರಿದರೆ ಜಗತ್ತಿಗೇ ಮೊದಲು ಎಂಬ ಅರ್ಥದ ಮಾತನಾಡಿದ್ದರು. 2005ರ ಏಪ್ರಿಲಿನಲ್ಲಿ ಅವರ ನಂತರದ ಪ್ರಧಾನಿ ವೆನ್ ಜಿಯಾಬಾವೊ ತಮ್ಮ ಭಾರತ ಪ್ರವಾಸವನ್ನು ಬೆಂಗಳೂರಿನಿಂದಲೇ ಆರಂಭಿಸಿ, ಎರಡು ದೇಶಗಳ ಈ ಸಾಮರ್ಥ್ಯಗಳನ್ನು ಎರಡು ಪಗೋಡಗಳಿಗೆ ಹೋಲಿಸಿದರು. ಬೆಂಗಳೂರಿಗೆ ಆ ಮಾತುಗಳು ಬಹಳ ಹಿಡಿಸಿದವು. ಆದರೆ ಮುಂದಿನ ಎರಡು ದಶಕಗಳ ಲೆಕ್ಕ ನೋಡಿದರೆ, ಹಾರ್ಡ್‌ವೇರಿನ ಪಗೋಡದಿಂದ ನಮ್ಮ ಕಡೆಗೆ ಬಂದ ಸರಕಿಗೂ, ಚೀನಾದ ಮಾರುಕಟ್ಟೆಯಲ್ಲಿ ನಮ್ಮ ಸಾಫ್ಟ್‌ವೇರ್ ಗಳಿಸಿದ ಸ್ಥಾನಕ್ಕೂ ಹೋಲಿಕೆಯೇ ಇಲ್ಲ. ಶೆನ್‌ಜೆನ್ನಿನ ಹುವಾವೇ ಸಂಸ್ಥೆಯು 1999ರಲ್ಲಿಯೇ ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರವನ್ನು ತೆರೆದು, 2015ರಲ್ಲಿ ವೈಟ್‌ಫೀಲ್ಡ್ ಕಡೆ ದೊಡ್ಡ ಆವರಣಕ್ಕೆ ವಿಸ್ತರಿಸಿಕೊಂಡಿತು. ಹೊಗಳಿದವರು ಕಲಿಯುವ ಕೆಲಸವನ್ನೂ ಜೊತೆಜೊತೆಗೆ ಮಾಡಿಕೊಂಡರು. ಇದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ. ಹೊಗಳಿಸಿಕೊಂಡವರು ಅಷ್ಟಕ್ಕೇ ತೃಪ್ತರಾದರೆ ಅದು ಹೊಗಳಿದವರ ತಪ್ಪಲ್ಲ.

ಚೀನೀ ನಿಯೋಗಗಳು ಸಣ್ಣ ಕಾರ್ಖಾನೆಗೆ ಬಂದಾಗಲೂ ಮೊದಲು ಆಡುವ ಮಾತು "ನಾವು ಕಲಿಯಲು ಬಂದಿದ್ದೇವೆ" ಎಂಬುದು. ಇದೂ ವಿನಯದ ಸೂತ್ರವೇ. ಆದರೆ ಈ ಸೂತ್ರಕ್ಕೆ ಶಬ್ದಾರ್ಥವೂ ಪೂರ್ತಿ ಅನ್ವಯಿಸುತ್ತದೆ ಎಂಬುದನ್ನು ಮರೆಯಬಾರದು. ಆ ಮಾತಿಗೆ ಉಬ್ಬಿ, ಗ್ರಾಹಕರು ನಂಬಿ ಕೊಟ್ಟಿರುವ ನಕ್ಷೆಗಳನ್ನೂ ಡೈಗಳನ್ನೂ ತೋರಿಸಿಬಿಡುವ ಉದ್ಯಮಿ ಒಪ್ಪಂದವನ್ನು ಉಲ್ಲಂಘಿಸಿದಂತಾಗುತ್ತದೆ. ಅತಿಯಾಗಿ ಹೊಗಳುವುದಕ್ಕೆ ಚೀನೀಯರಲ್ಲಿ "ಎತ್ತರದ ಟೋಪಿ ತೊಡಿಸುವುದು" ಎಂಬ ಮಾತಿದೆ; ನಾವು "ಹೊಗಳಿ ಅಟ್ಟಕ್ಕೇರಿಸುವುದು" ಎನ್ನುತ್ತೇವೆ. ಹೊಗಳಿಕೆಯನ್ನು ಚಿನ್ನದ ಶೂಲವೆಂದು ಕಂಡ ಬಸವಣ್ಣನವರು ಬಿಜ್ಜಳನ ಭಂಡಾರದ ಲೆಕ್ಕ ನೋಡಿದವರು ಎಂಬುದನ್ನು ವಾಣಿಜ್ಯ ವರ್ಗ ವಿಶೇಷವಾಗಿ ನೆನೆಯಬಹುದು.

ಇನ್ನೊಂದು ತಪ್ಪು ನಮ್ಮ ಹೊಸ ತಲೆಮಾರಿನದು. ವಿದೇಶಿಯರೆದುರು ವಿನಯ ತೋರಿದರೆ ದುರ್ಬಲರೆನಿಸುತ್ತೇವೆಂದು ಭಾವಿಸಿ, "ಏಷ್ಯಾದಲ್ಲಿಯೇ ನಾವು ಉತ್ತಮ", "ಏನು ಕೊಟ್ಟರೂ ಮಾಡಿಕೊಡುತ್ತೇವೆ" ಎನ್ನುವುದು. ಹಿರಿಯ ಚೀನೀ ಖರೀದಿದಾರನಿಗೆ ಇಂಥ ಮಾತು ಕೇಳಿದಾಗ ಸಂಶಯ ಹುಟ್ಟುತ್ತದೆ. ಹಾಗೆಂದು ಉತ್ಪಾದನಾ ಸಾಮರ್ಥ್ಯವೆಷ್ಟೆಂದು ಕೇಳಿದಾಗಲೂ "ನಮ್ಮದು ಸಣ್ಣ ಘಟಕ ಸ್ವಾಮಿ, ಏನೋ ನಡೆಯುತ್ತಿದೆ" ಎನ್ನುವುದು ಅದಕ್ಕಿಂತ ದೊಡ್ಡ ತಪ್ಪು. ಹೊಗಳಿಕೆಗೆ ಕೊಡುವ ಉತ್ತರ ಬೇರೆ, ಪ್ರಶ್ನೆಗೆ ಕೊಡುವ ಉತ್ತರ ಬೇರೆ. "ಬಹಳ ಚೆನ್ನಾಗಿದೆ" ಎಂಬ ಮಾತಿಗೆ "ನಿಮ್ಮಿಂದ ಕಲಿಯುವುದು ಬಹಳವಿದೆ" ಎನ್ನಬಹುದು. "ತಿಂಗಳಿಗೆ ಎಷ್ಟು?" ಎಂಬುದಕ್ಕೆ ಉತ್ತರ ಅಂಕಿಯಲ್ಲಿಯೇ ಇರಬೇಕು, ಅದು ಉತ್ಪಾದನಾ ವಹಿಯೊಂದಿಗೆ ತಾಳೆಯಾಗಬೇಕು.

ಕಾಗದದ ಮೇಲೆ ವಿನಯ ಬೇಡ

ಮಾತಿನಲ್ಲಿ ಎಷ್ಟೇ ಉಪಚಾರವಿರಲಿ, ವ್ಯವಹಾರ ನಿಲ್ಲುವುದು ದಾಖಲೆಯ ಮೇಲೆ. ಸಾಲಪತ್ರಗಳಿಗೆ 2007ರ ಜುಲೈ 1ರಿಂದ ಅನ್ವಯಿಸುತ್ತಿರುವ ಅಂತರರಾಷ್ಟ್ರೀಯ ನಿಯಮಾವಳಿಯ ಪ್ರಕಾರ, ಬ್ಯಾಂಕುಗಳು ವ್ಯವಹರಿಸುವುದು ದಾಖಲೆಗಳೊಂದಿಗೆ ಮಾತ್ರ, ಸರಕಿನೊಂದಿಗಲ್ಲ. "ಹಿಂದಿದ್ದೇವೆ" ಎಂದು ಮಾಲೀಕ ಹೇಳಿದ್ದೂ "ಅತ್ಯುತ್ತಮ" ಎಂದು ನಾವು ಹೇಳಿದ್ದೂ ಅಲ್ಲಿ ಲೆಕ್ಕಕ್ಕಿಲ್ಲ. ನಮ್ಮ 1930ರ ಸರಕು ಮಾರಾಟ ಕಾಯಿದೆಯಲ್ಲಿ ಮಾದರಿ ತೋರಿಸಿ ಮಾರಿದ ಮಾಲು ಆ ಮಾದರಿಯ ಗುಣಮಟ್ಟಕ್ಕೆ ಹೊಂದಬೇಕೆಂಬ ಷರತ್ತು ಇದೆ. ಆದರೆ ಚೀನೀ ಮಾರಾಟಗಾರನ ಮೇಲೆ ಅದೇ ಕಾಯಿದೆ ಅನ್ವಯವಾಗುತ್ತದೆಂದು ತಾನಾಗಿ ಊಹಿಸುವಂತಿಲ್ಲ. ಅಂತರರಾಷ್ಟ್ರೀಯ ಸರಕು ಮಾರಾಟದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಚೀನಾ ಸೇರಿದೆ, ಭಾರತ ಸೇರಿಲ್ಲ. ಯಾವ ದೇಶದ ಕಾನೂನು, ಎಲ್ಲಿ ಮಧ್ಯಸ್ಥಿಕೆ ಎಂಬುದನ್ನು ಒಪ್ಪಂದದಲ್ಲಿಯೇ ಬರೆಸಿಕೊಳ್ಳಬೇಕು. ಅಳತೆ, ತೂಕ, ಕಚ್ಚಾವಸ್ತುವಿನ ದರ್ಜೆ, ಪರೀಕ್ಷಾ ವಿಧಾನ, ಸರಕು ಹಡಗೇರುವ ಮುನ್ನ ತಪಾಸಣೆ ಮಾಡುವವರು ಯಾರು ಎಂಬುದೆಲ್ಲ ಪ್ರೊಫಾರ್ಮಾ ಇನ್‌ವಾಯ್ಸಿನಲ್ಲಿಯೇ ಬರಬೇಕು. ಇಬ್ಬರೂ ಸಹಿ ಮಾಡಿ ಮೊಹರು ಮಾಡಿದ ಮಾದರಿಯೊಂದನ್ನು ಬೆಂಗಳೂರಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಮಾತುಕತೆ ಮುಗಿದ ದಿನವೇ ಸಂಜೆ, ಒಪ್ಪಿದ ಅಂಶಗಳನ್ನು ಸರಳ ವಾಕ್ಯಗಳಲ್ಲಿ ಬರೆದು ಇ-ಮೇಲ್ ಮೂಲಕ ಕಳುಹಿಸುವ ಅಭ್ಯಾಸವಿರಲಿ. ಚೀನೀಯರು ಹೆಚ್ಚಾಗಿ ಬಳಸುವ ವೀಚಾಟ್ ಆ್ಯಪ್ ಅನ್ನು ಭಾರತ ಸರ್ಕಾರವು 2020ರ ಜೂನ್ 29ರಂದು ನಿಷೇಧಿಸಿರುವುದರಿಂದ, ಅಲ್ಲಿ ನಡೆದ ಸಂಭಾಷಣೆಯನ್ನು ದಾಖಲೆಯಾಗಿ ನಂಬಿಕೊಳ್ಳುವಂತಿಲ್ಲ. ಇಂಥ ಪತ್ರವನ್ನು ಚೀನೀಯರು ಅವಿಶ್ವಾಸವೆಂದು ತಿಳಿಯುವುದಿಲ್ಲ. ಎಲ್ಲರ ಮುಂದೆ ಪ್ರಶ್ನಿಸುವುದಕ್ಕಿಂತ ಬರವಣಿಗೆಯಲ್ಲಿ ಕೇಳುವುದು ಅವರಿಗೂ ಮುಖ ಉಳಿಸುವ ಮಾರ್ಗ.

ದುಭಾಷಿಯನ್ನು ಗೊತ್ತುಮಾಡುವಾಗ ಒಂದು ಮಾತನ್ನು ಮೊದಲೇ ತಿಳಿಸಿರಬೇಕು: ಉಪಚಾರದ ಮಾತನ್ನು "ಇದು ಉಪಚಾರ" ಎಂದೇ ಹೇಳಲಿ, ಪದಪದವಾಗಿ ಅನುವಾದಿಸದಿರಲಿ. ಗುವಾಂಗ್‌ಝೌ ನಗರದಲ್ಲಿ 1957ರಿಂದ ನಡೆಯುತ್ತಿರುವ ಕ್ಯಾಂಟನ್ ಮೇಳವು ವಸಂತ ಮತ್ತು ಶರತ್ಕಾಲಗಳಲ್ಲಿ, ವರ್ಷಕ್ಕೆ ಎರಡು ಬಾರಿ ಸೇರುತ್ತದೆ. ಅಲ್ಲಿಗೆ ಹೊರಡುವವರು ವಿಸಿಟಿಂಗ್ ಕಾರ್ಡನ್ನು ಎರಡೂ ಕೈಗಳಿಂದ ಕೊಡಬೇಕು, ಪಾನೀಯದ ಲೋಟ ತಾಗಿಸುವಾಗ ಹಿರಿಯರ ಲೋಟಕ್ಕಿಂತ ತಮ್ಮದನ್ನು ತುಸು ಕೆಳಗೆ ಹಿಡಿಯಬೇಕು ಎಂಬುದನ್ನು ಸಾಮಾನ್ಯವಾಗಿ ಕೇಳಿರುತ್ತಾರೆ. ಹೊಗಳಿಕೆಯ ವಿಷಯದಲ್ಲಿಯೂ ಅಷ್ಟೇ ಸರಳ ಕ್ರಮವಿದೆ. ಮಾಲು ನಿಜವಾಗಿ ಚೆನ್ನಾಗಿದ್ದರೆ ಒಮ್ಮೆ ಹೇಳಬೇಕು. "ನಾಲಿ, ನಾಲಿ" ಎಂದು ಅವರು ಕೈಯಾಡಿಸಿದರೆ, ಇಲ್ಲ ನಿಜಕ್ಕೂ ಚೆನ್ನಾಗಿದೆ ಎಂದು ಇನ್ನೊಮ್ಮೆ ಮಾತ್ರ ಹೇಳಿ, ಚಹಾದ ಬಟ್ಟಲು ಕೆಳಗಿಟ್ಟು, ಚೀಲದಿಂದ ವರ್ನಿಯರ್ ಕ್ಯಾಲಿಪರ್ ಹೊರತೆಗೆದು ಮಾದರಿಯ ದಪ್ಪವನ್ನು ಅಳೆಯಲು ಆರಂಭಿಸಬಹುದು.